ಹಳೆಯ ವಾಷಿಂಗ್ ಮಷಿನ್: ಪ್ಲಗ್ ಹಾಕುವುದು ಕೊನೆಗೆ

ಮಾನ್ಯ ಸಂಪಾದಕರೇ,

ಹೊರದೇಶದಲ್ಲಿ ತಯಾರಾದ ಹಳೆಯ ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಕೈಗೆ ಸಿಕ್ಕಿದವರು ಮಾಡುವ ಮೊದಲ ಕೆಲಸ ಪ್ಲಗ್ ಹಾಕಿ ನೋಡುವುದು. ಚೆನ್ನಾಗಿರುವ ಎಷ್ಟೋ ಮಷಿನ್‌ಗಳು ಕೆಟ್ಟು ಗುಜರಿ ಸೇರುವುದು ಆ ಒಂದು ನಿಮಿಷದಲ್ಲೇ. ಅದು ಯಾವ ಮಾಡೆಲ್, ಯಾವ ಕರೆಂಟಿಗೆ ಮಾಡಿದ್ದು ಎಂಬುದು ಮೊದಲು ಗೊತ್ತಾಗಬೇಕು.

ಮುಂಭಾಗದಲ್ಲಿರುವ ಕಂಪನಿ ಹೆಸರನ್ನು ನೆಚ್ಚಿಕೊಳ್ಳಬೇಡಿ. ಒಂದೇ ಕಾರ್ಖಾನೆಯ ಮಷಿನ್ ನಾಲ್ಕಾರು ಹೆಸರಿನಲ್ಲಿ ಮಾರಾಟವಾಗಿರುತ್ತದೆ. ನೋಡಬೇಕಾದ್ದು ರೇಟಿಂಗ್ ಪ್ಲೇಟ್, ಅಂದರೆ ಮಾಡೆಲ್ ಮತ್ತು ಕರೆಂಟಿನ ವಿವರ ಬರೆದಿರುವ ಪಟ್ಟಿ. ಬಾಗಿಲು ತೆರೆದಾಗ ಕಾಣುವ ಅಂಚಿನಲ್ಲೋ, ಕೆಳಗಿನ ಫಿಲ್ಟರ್ ಮುಚ್ಚಳದ ಹಿಂದೆಯೋ, ಬೆನ್ನಿನ ತಗಡಿನ ಮೇಲೋ ಅದು ಇದ್ದೇ ಇರುತ್ತದೆ. ಅಕ್ಷರ ಅಳಿಸಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಅಚ್ಚು ಎದ್ದು ಕಾಣುತ್ತದೆ. ಬಾಷ್, ಸೀಮೆನ್ಸ್ ಮಷಿನ್‌ಗಳಲ್ಲಿ ಇ-ನಂಬರ್ (ಮಾಡೆಲ್ ನಂಬರ್) ಜತೆಗೆ ಎಫ್‌ಡಿ ಎಂಬ ನಾಲ್ಕಂಕಿ ಇರುತ್ತದೆ. ಅದರ ಮೊದಲೆರಡು ಅಂಕಿಗೆ 20 ಕೂಡಿಸಿದರೆ ವರ್ಷ, ಉಳಿದೆರಡು ತಿಂಗಳು: ಎಫ್‌ಡಿ 7203 ಎಂದರೆ 1992ರ ಮಾರ್ಚ್. ಎಲೆಕ್ಟ್ರೋಲಕ್ಸ್, ಝನೂಸಿಗಳಲ್ಲಿ ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನೆರಡು ವಾರ. ದಶಕ ಯಾವುದೆಂದು ಮಷಿನ್ ನೋಡಿಯೇ ಅಂದಾಜು ಮಾಡಬೇಕು.

ಅದೇ ಪ್ಲೇಟಿನಲ್ಲಿ ವೋಲ್ಟ್ ಮತ್ತು ಹರ್ಟ್ಸ್ ಇರುತ್ತದೆ. 120 ವೋಲ್ಟ್, 60 ಹರ್ಟ್ಸ್ ಎಂದಿದ್ದರೆ ಟ್ರಾನ್ಸ್‌ಫಾರ್ಮರ್ ಇಟ್ಟರಾಯಿತು ಎನ್ನುವವರಿದ್ದಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮಾತ್ರ ಬದಲಿಸುತ್ತದೆ, ಹರ್ಟ್ಸ್ ಅನ್ನು ಅಲ್ಲ. ನಮ್ಮಲ್ಲಿರುವ 50 ಹರ್ಟ್ಸ್‌ನಲ್ಲಿ ಇಂಡಕ್ಷನ್ ಮೋಟಾರ್ (ಬ್ರಷ್ ಇಲ್ಲದ್ದು) ಸುಮಾರು ಆರನೇ ಒಂದು ಪಾಲು ನಿಧಾನವಾಗುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ಟೈಮರ್‌ನ ಪುಟ್ಟ ಮೋಟಾರ್ ಕೂಡ ಹಿಂದೆ ಬಿದ್ದು 30 ನಿಮಿಷದ ಪ್ರೋಗ್ರಾಂ 36 ನಿಮಿಷ ಎಳೆಯುತ್ತದೆ. ಕಾರ್ಬನ್ ಬ್ರಷ್ ಇರುವ ಮೋಟಾರಿಗೆ ಈ ತಕರಾರಿಲ್ಲ.

ಮಷಿನ್ ಉಳಿಯುತ್ತದೋ ಇಲ್ಲವೋ ಎಂಬುದನ್ನು ಹೇಳುವುದು ಮಾತ್ರ ಡ್ರಮ್. ಬಾಗಿಲು ತೆಗೆದು ಡ್ರಮ್ಮಿನ ಮೇಲಂಚನ್ನು ಹಿಡಿದು ಮೇಲೆ ಕೆಳಗೆ ಎತ್ತಿ ನೋಡಿ. ಹೊರಗಿನ ಟಬ್ ಸಮೇತ ಅಲ್ಲಾಡಿದರೆ ಅದು ಸ್ಪ್ರಿಂಗ್, ಚಿಂತೆಯಿಲ್ಲ. ಟಬ್ ನಿಂತಿದ್ದು ಡ್ರಮ್ ಮಾತ್ರ ಕದಲಿದರೆ ಬೇರಿಂಗ್ ಹೋಗಿದೆ. ಹಿಂದಿನ ತಗಡು ಬಿಚ್ಚಿದರೆ ಪುಲ್ಲಿಯ ಕೆಳಗೆ ತುಕ್ಕಿನ ಕಂದು ಗೆರೆ ಇಳಿದಿರುವುದೂ ಕಾಣಿಸೀತು. ಮೊದಲು ಸಾಯುವುದು ಬೇರಿಂಗ್ ಅಲ್ಲ, ಬೇರಿಂಗಿಗೆ ನೀರು ತಾಗದಂತೆ ತಡೆಯುವ ರಬ್ಬರ್ ಸೀಲ್. ಅದರ ಮೂಲಕ ಸೋಪಿನ ನೀರು ನುಗ್ಗಿ ಗ್ರೀಸ್ ತೊಳೆದು ಹಾಕುತ್ತದೆ. ಸೀಲ್ ಬಿಟ್ಟು ಬೇರಿಂಗ್ ಮಾತ್ರ ಬದಲಿಸುವುದು ದುಡ್ಡು ದಂಡ.

ಡ್ರಮ್ಮಿನ ಬೆನ್ನಿಗಿರುವ ಮೂರು ಕೈಗಳ ಸ್ಪೈಡರ್ ಅನೇಕ ಮಷಿನ್‌ಗಳಲ್ಲಿ ಅಲ್ಯೂಮಿನಿಯಂನದು. ಸ್ಟೀಲಿಗೆ ತಾಗಿ, ಸೋಪಿನ ಕ್ಷಾರದಲ್ಲಿ ನೆನೆದು ಅದು ಬಿಳಿ ಪುಡಿಯಾಗಿ ಉದುರುತ್ತದೆ. ಕೈ ಬಿರುಕು ಬಿಟ್ಟಿದ್ದು, ಆ ಮಾಡೆಲ್ಲಿನ ಬಿಡಿಭಾಗ ಎಲ್ಲೂ ಸಿಗದಿದ್ದರೆ ಅಲ್ಲಿಗೇ ಕೈಬಿಡಿ. ಬೆಸುಗೆ ಹಾಕಿಸಿದ ಸ್ಪೈಡರನ್ನು 1000 ಸುತ್ತಿನ ಸ್ಪಿನ್ನಿನಲ್ಲಿ ನಂಬುವುದು ಬುದ್ಧಿವಂತಿಕೆಯಲ್ಲ.

ಸ್ಪೈಡರ್ ಗಟ್ಟಿಯಾಗಿದ್ದರೆ ಮುಂದುವರಿಯಬಹುದು. ಟಬ್ ಇಳಿಸುವ ಮೊದಲು ಕಾಂಕ್ರೀಟ್ ತೂಕ ಬಿಚ್ಚಿಡಿ. ಪುಲ್ಲಿ ತೆಗೆದ ಮೇಲೆ ಅದರ ಬೋಲ್ಟನ್ನು ಶಾಫ್ಟಿಗೆ ಮತ್ತೆ ನಾಲ್ಕು ಸುತ್ತು ತಿರುಗಿಸಿ, ಮರದ ತುಂಡಿಟ್ಟು ಬಡಿಯಿರಿ. ಶಾಫ್ಟಿನ ತುದಿಗೇ ಸುತ್ತಿಗೆ ಬಿದ್ದರೆ ಬೋಲ್ಟ್ ಕೂರುವ ಮರೆ (ಥ್ರೆಡ್) ಹಾಳು. ಬೇರಿಂಗ್ ನಂಬರ್ ಅದರ ಮೇಲೇ ಇರುತ್ತದೆ: 6205 ಎಂದರೆ ಒಳವ್ಯಾಸ 25, ಹೊರವ್ಯಾಸ 52, ದಪ್ಪ 15 ಮಿ.ಮೀ. 6206 ಆದರೆ 30, 62, 16. ಇವು ಎಲ್ಲೆಡೆ ಒಂದೇ ಅಳತೆ, ಕಂಪನಿಯ ಡಬ್ಬಿಯೇ ಬೇಕೆಂದಿಲ್ಲ. ಸೀಲಿನ ಮೇಲೂ ಒಳ, ಹೊರ, ದಪ್ಪದ ಅಳತೆ ಅಚ್ಚಾಗಿರುತ್ತದೆ. ಶಾಫ್ಟಿನ ಮೇಲೆ ಸೀಲ್ ಉಜ್ಜುವ ಜಾಗದಲ್ಲಿ ಉಗುರು ಎಳೆಯಿರಿ. ಉಗುರು ತಡೆದರೆ ಅಲ್ಲಿ ಗೀರು ಬಿದ್ದಿದೆ, ಹೊಸ ಸೀಲ್ ಕೂಡ ಸೋರುತ್ತದೆ. ಆ ಜಾಗದಲ್ಲಿ ಶಾಫ್ಟಿಗೆ ತೊಡಿಸಿರುವ ಬಳೆಯನ್ನೂ ಬದಲಿಸಿ. ಹೊಸ ಬೇರಿಂಗನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಹಳೆಯದರ ಹೊರಬಳೆಯನ್ನು ಅದರ ಮೇಲಿಟ್ಟು ತಟ್ಟಿ ಕೂರಿಸಿ. ಒಳಬಳೆಗೆ ಪೆಟ್ಟು ಕೊಟ್ಟರೆ ಗುಂಡುಗಳ ಹಾದಿಯಲ್ಲಿ ಗುಳಿ ಬಿದ್ದು ಬೇಗನೇ ಸದ್ದು ಶುರುವಾಗುತ್ತದೆ.

ಬೆಲ್ಟಿನ ಮೇಲೆ 1245 ಜೆ5 ಎಂದಿದ್ದರೆ 1245 ಮಿ.ಮೀ. ಉದ್ದ, ಐದು ಗೆರೆ ಎಂದರ್ಥ.

ವಿದ್ಯುತ್ತಿನ ಭಾಗದಲ್ಲಿ ಮೊದಲು ಬದಲಿಸಬೇಕಾದ್ದು ವೈರ್ ಒಳಬರುವ ಕಡೆಯ ಫಿಲ್ಟರ್ ಕೆಪಾಸಿಟರ್. ಹಳೆಯದರ ಮೈ ಬಿರಿದು ತೇವ ಹೀರಿದ್ದರೆ ಕರೆಂಟ್ ಕೊಟ್ಟೊಡನೆ ಹೊಗೆ, ಕೆಟ್ಟ ವಾಸನೆ. 230 ವೋಲ್ಟಿನ 2000 ವಾಟ್ ಹೀಟರ್ ಸುಮಾರು 26 ಓಮ್ ತೋರಿಸಬೇಕು. ಹೀಟರ್ ಮತ್ತು ಬಾಡಿಯ ನಡುವೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಬಿಚ್ಚಿ ಒಣಗಿಸಿ ಮತ್ತೆ ಅಳೆಯಿರಿ, ಆಗಲೂ ಏರದಿದ್ದರೆ ಬದಲಿಸಿ. ಟಬ್ಬಿನಿಂದ, ನೀರಿನ ಮಟ್ಟ ಅರಿಯುವ ಪ್ರೆಷರ್ ಸ್ವಿಚ್ಚಿಗೆ ಹೋಗುವ ಸಣ್ಣ ಪೈಪನ್ನು ತಪ್ಪದೆ ನೋಡಿ. ಸ್ವಿಚ್ ಕಡೆಗೆ ಮೆಲ್ಲಗೆ ಊದಿದರೆ ಟಕ್ ಎನ್ನಬೇಕು. ಟಬ್ಬಿನ ತುದಿಯಲ್ಲಿ ಸೋಪಿನ ಗಸಿ ಕಟ್ಟಿದ್ದರೆ ನೀರು ತುಂಬುತ್ತಲೇ ಹೋಗುತ್ತದೆ. ತಿರುಗಿಸುವ ಹಳೆಯ ಟೈಮರನ್ನು ಎಂದೂ ಹಿಮ್ಮುಖವಾಗಿ ತಿರುಗಿಸಬೇಡಿ, ಒಳಗಿನ ಕಾಂಟ್ಯಾಕ್ಟ್‌ಗಳು ಮುರಿದಾವು.

ಇಷ್ಟಾದ ಮೇಲೆ ಪ್ಲಗ್. ಅರ್ಥಿಂಗ್ ಸರಿಯಿರುವ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪ್ ಟ್ರಿಪ್ ಸ್ವಿಚ್ ಇರುವ ಲೈನಿನಲ್ಲೇ ಹಾಕಿ. ಮೊದಲು ಬಟ್ಟೆಯಿಲ್ಲದೆ, ತಣ್ಣೀರಿನಲ್ಲಿ, ಸ್ಪಿನ್ ಇಲ್ಲದೆ ಒಂದು ಸಲ ಓಡಿಸಿ ಕೆಳಗೆ ಒಣ ಕಾಗದ ಹಾಸಿಡಿ. ಕಾಗದದಲ್ಲಿ ಒದ್ದೆ ಎಲ್ಲಿದೆ ಎಂದು ನೋಡಿದರೆ ಸೋರುತ್ತಿರುವುದು ಬಾಗಿಲಿನ ರಬ್ಬರೋ, ಪಂಪೋ, ಹಿಂದಿನ ಸೀಲೋ ಗೊತ್ತಾಗುತ್ತದೆ.

ಇಂತಿ,
ಒಬ್ಬ ಓದುಗ