ನಾಲ್ಕು ಕಪ್ಪು ಪಟ್ಟಿ

ಪ್ರೀತಿಯ ಪುಟ್ಟಿ,

ಅಪ್ಪ ಚೆನ್ನಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ. ಗೌರಿ ಹಬ್ಬಕ್ಕೆ ಕೊಡಬೇಕಾದ ಬ್ಲೌಸು ಇನ್ನೂ 32 ಬಾಕಿ ಇವೆ. ಹಗಲು ಮಿಷನ್ ಬಿಟ್ಟು ಏಳುವುದಕ್ಕೆ ಆಗುತ್ತಿಲ್ಲ. ಈಗ ರಾತ್ರಿ ಹತ್ತೂವರೆ. ಇದನ್ನೆಲ್ಲ ಫೋನಿನಲ್ಲಿ ಹೇಳಲು ಹೋದರೆ ನಿನಗೂ ಅಳು ಬರುತ್ತೆ, ನನಗೂ ಬರುತ್ತೆ. ಅದಕ್ಕೆ ಬರೆಯುತ್ತಿದ್ದೇನೆ.

ನೀನು ಡ್ರಮ್ ಬಾರಿಸುವ ನಿಮ್ಮ ಬ್ಯಾಂಡಿನ ಮೊದಲ ಆಲ್ಬಮ್ ಬಗ್ಗೆ ಬಂದ ವಿಮರ್ಶೆಯನ್ನು ನಿನ್ನ ತಮ್ಮ ಓದಿ ಹೇಳಿದ. "19 ನಿಮಿಷದ ಗದ್ದಲ. ಕೋಪ ಇದೆ, ಸಂಗೀತ ಇಲ್ಲ" ಅಂತ ಶುರುವಾಗುತ್ತೆ ಅಲ್ವಾ? ಅದು ಬಂದ ಮೇಲೆ ಎರಡು ದಿನ ನೀನು ಫೋನ್ ಎತ್ತಲಿಲ್ಲ. ಬರೆದವರ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ರಾತ್ರಿ ಮಲಗಿದಾಗ ನೆನಪಾಯಿತು. ಆ ಮಾತನ್ನು ಅವರಿಗಿಂತ ಮೊದಲು ಹೇಳಿದವಳು ನಾನು.

ಜೂನ್‌ನಲ್ಲಿ ಊರಿಗೆ ಬಂದಾಗ ನೀನು ಅಡುಗೆಮನೆ ಕಿಟಕಿಯ ಮೇಲೆ ಮೊಬೈಲ್ ಇಟ್ಟು ಮೊದಲ ಹಾಡು ಹಾಕಿದೆ. ಅರ್ಧ ನಿಮಿಷವೂ ಆಗಿರಲಿಲ್ಲ. "ಏನೇ ಇದು, ಬರೀ ಕಿರುಚಾಟ, ಆರಿಸು" ಅಂದೆ. ನೀನು ಆರಿಸಿದೆ. ಒಂದು ಮಾತೂ ಆಡದೆ ದಂಟಿನ ಸೊಪ್ಪು ಬಿಡಿಸುತ್ತಾ ಕೂತೆ. ಎಲೆ ಒಂದು ಕಡೆ, ದಂಟು ಒಂದು ಕಡೆ. ಆ ದಿನ ನಿನ್ನ ಮುಖ ನೋಡಬೇಕಿತ್ತು ನಾನು. ಒಲೆ ಕಡೆ ತಿರುಗಿಬಿಟ್ಟೆ. ತಪ್ಪಾಯಿತು ಪುಟ್ಟಿ.

ಇನ್ನು ಆ ಟೀ ಶರ್ಟ್ ವಿಷಯ. ನೀನು ಬಿಟ್ಟು ಹೋದ ಬಿಳಿ ಟೀ ಶರ್ಟಿಗೆ ಕಂಕುಳ ಹತ್ತಿರ ಹೊಲಿಗೆ ಬಿಟ್ಟಿತ್ತು. ನಿನ್ನ ಪಿಯುಸಿ ಕಾಲದಿಂದ ಅದನ್ನು ಒಗೆದಿದ್ದೇನೆ, ಇಸ್ತ್ರಿ ಮಾಡಿದ್ದೇನೆ. ಎದೆಯ ಮೇಲೆ ನಾಲ್ಕು ಕಪ್ಪು ಪಟ್ಟಿ, ಒಂದು ಮೇಲೆ, ಒಂದು ಕೆಳಗೆ. ಪ್ರಿಂಟ್ ಹಾಕಿದವನು ಜಾರಿಸಿದ್ದಾನೆ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಹೊಲಿಗೆ ಹಾಕಲು ಮಿಷನ್ ಮೇಲೆ ಹರಡಿದಾಗ ತಮ್ಮನನ್ನು ಕೇಳಿದೆ, ಇದು ಏನೋ ಅಂತ. "ಅಮ್ಮ, ಅದು ಬಾವುಟ. ಗಾಳಿಗೆ ಅಲುಗಾಡುತ್ತಿರುವ ಕಪ್ಪು ಬಾವುಟ" ಅಂದ. ಬ್ಲ್ಯಾಕ್ ಫ್ಲ್ಯಾಗ್ ಅನ್ನುವ ಅಮೆರಿಕದ ಬ್ಯಾಂಡಿನ ಗುರುತಂತೆ, ಪಂಕ್ ಅಂತ ಜೋರು ಸದ್ದಿನ ಹಾಡು ಹಾಡುವವರು. ಆ ಗುರುತು ಬರೆದವನು ಬ್ಯಾಂಡಿನಲ್ಲಿ ಗಿಟಾರ್ ನುಡಿಸುವ ಗ್ರೆಗ್ ಗಿನ್‌ನ ತಮ್ಮ, ರೇಮಂಡ್ ಪೆಟಿಬಾನ್. ಆವತ್ತಿನಿಂದ ರಾತ್ರಿ ಊಟ ಆದ ಮೇಲೆ ನಿನ್ನ ತಮ್ಮ ಓದಿ ಹೇಳುವುದು, ನಾನು ಹುಕ್ಸ್ ಹಾಕುತ್ತಾ ಕೇಳುವುದು. ಅದೇ ಅಭ್ಯಾಸ ಆಗಿಹೋಗಿದೆ. ನಿನಗೆ ಇದೆಲ್ಲ ಬಾಯಿಪಾಠ ಇರುತ್ತೆ. ಆದರೂ ನನಗೆ ತಿಳಿದ ಹಾಗೆ ಬರೆಯುತ್ತೇನೆ, ಕೇಳು.

ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚ್ ಅನ್ನುವ ಸಮುದ್ರದ ದಂಡೆಯ ಊರು. ಈ ಗ್ರೆಗ್ 12 ವರ್ಷಕ್ಕೇ ರೇಡಿಯೊ ಸಾಮಾನು ಮಾರುತ್ತಿದ್ದ ಹುಡುಗ. ಆ ಪುಟ್ಟ ವ್ಯಾಪಾರಕ್ಕೆ ಎಸ್‌ಎಸ್‌ಟಿ ಅಂತ ಹೆಸರಿಟ್ಟಿದ್ದ. ಮುಂದೆ ಇವರ ಹಾಡನ್ನು ಹೊರತರುವ ಕಂಪನಿ ಸಿಗದೇ ಹೋದಾಗ ಅದೇ ಹೆಸರಿನಲ್ಲಿ ತಾನೇ ರೆಕಾರ್ಡ್ ತಂದ. 1976ರಲ್ಲಿ ಬ್ಯಾಂಡ್ ಕಟ್ಟಿದರೂ ಮೊದಲ ಪೂರ್ತಿ ಆಲ್ಬಮ್ ಬರಲು 1981 ಆಯಿತು. ಅಷ್ಟರಲ್ಲಿ ಮೂವರು ಹಾಡುಗಾರರು ಬದಲಾಗಿದ್ದರು. ನಾಲ್ಕನೆಯವನು ಹೆನ್ರಿ ರೋಲಿನ್ಸ್, 20 ವರ್ಷ. ವಾಷಿಂಗ್ಟನ್‌ನಲ್ಲಿ ಐಸ್‌ಕ್ರೀಮ್ ಅಂಗಡಿ ನೋಡಿಕೊಳ್ಳುತ್ತಿದ್ದ. ಇವರನ್ನು ಕಂಡರೆ ಪ್ರಾಣ. ಒಂದು ದಿನ ಅವರ ಜೊತೆ ವೇದಿಕೆ ಹತ್ತಿ ಒಂದು ಹಾಡು ಹಾಡಿದ, ಅವರು ಕರೆದರು, ಕೆಲಸ ಬಿಟ್ಟು ಹೊರಟೇಬಿಟ್ಟ. ಆ ಹುಡುಗನ ತಾಯಿಗೆ ಹೇಗಾಗಿರಬೇಡ! ನೀನು ಕೆಲಸ ಬಿಡುತ್ತೇನೆ ಅಂದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಆಲ್ಬಮ್ ಹೆಸರು ಡ್ಯಾಮೇಜ್ಡ್. ಅದರ ಚಿತ್ರ ನಿನ್ನ ರೂಮಿನ ಬಾಗಿಲ ಹಿಂದೆ ಅಂಟಿಸಿದ್ದೆಯಲ್ಲ, ತಲೆ ಬೋಳಿಸಿದ ಹುಡುಗ ಕನ್ನಡಿಗೆ ಗುದ್ದಿದ್ದಾನೆ, ಕನ್ನಡಿ ಒಡೆದಿದೆ, ಕೈಯಲ್ಲಿ ರಕ್ತ. ಕಸ ಗುಡಿಸಲು ಹೋದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ನಿನ್ನ ಮನಸ್ಸಿನಲ್ಲಿ ಏನಿದೆಯೋ ಅಂತ. ತಮ್ಮ ಹೇಳಿದ, ಆ ಕನ್ನಡಿಯನ್ನು ಮೊದಲೇ ಸುತ್ತಿಗೆಯಲ್ಲಿ ಒಡೆದಿದ್ದರಂತೆ. ರಕ್ತ ಅಂದರೆ ಕೆಂಪು ಇಂಕು, ಪಾತ್ರೆ ತೊಳೆಯುವ ಸೋಪು, ಕಾಫಿ ಪುಡಿ. ಫೋಟೊ ತೆಗೆದ ಎಡ್ ಕೋಲ್ವರ್ ಮಾಡಿದ ಮಿಶ್ರಣ. ಅದನ್ನು ಕೇಳಿ ನಾನು ಎದ್ದು ಹೋಗಿ ಮತ್ತೆ ಚಿತ್ರ ನೋಡಿದೆ. ಆ ಹುಡುಗನ ಕೈಗೆ ಏನೂ ಆಗಿಲ್ಲ. ಇಷ್ಟು ವರ್ಷ ಒಂದು ಸಲ ನಿನ್ನನ್ನು ಕೇಳಿದ್ದರೆ ಸಾಕಿತ್ತು ಅಲ್ವಾ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಯೂನಿಕಾರ್ನ್ ಅನ್ನುವ ಸಣ್ಣ ಕಂಪನಿ ಜೊತೆ ಸೇರಿ ಇವರು ರೆಕಾರ್ಡ್ ಮಾಡಿದರು. ಅಂಗಡಿ ಅಂಗಡಿಗೆ ತಲುಪಿಸಬೇಕಾಗಿದ್ದು ಎಂಸಿಎ ಅನ್ನುವ ದೊಡ್ಡ ಕಂಪನಿ. ರೆಕಾರ್ಡ್ ಅಚ್ಚಾಗಿತ್ತು. ಆಗ ಎಂಸಿಎಯ ವಿತರಣೆ ನೋಡಿಕೊಳ್ಳುತ್ತಿದ್ದ ಅಲ್ ಬರ್ಗಮೊ ಇದನ್ನು ಮಾರುವುದಿಲ್ಲ ಅಂದುಬಿಟ್ಟರು. ಕೊಟ್ಟ ಕಾರಣ ಏನು ಗೊತ್ತಾ? ತಾನೊಬ್ಬ ತಂದೆಯಾಗಿ ಹೇಳುತ್ತಿದ್ದೇನೆ, ಇದು ಹೆತ್ತವರಿಗೆ ವಿರುದ್ಧವಾದ ರೆಕಾರ್ಡ್ ಅಂತ. ಈ ಹುಡುಗರ ಮೊದಲ ಆಲ್ಬಮ್‌ಗೆ ಸಿಕ್ಕ ದೊಡ್ಡ ವಿಮರ್ಶೆ ಅದೇ. ಹೇಳಿದವರು ಸಂಗೀತದ ವಿಮರ್ಶಕರಲ್ಲ, ಒಬ್ಬ ಅಪ್ಪ.

ಇದನ್ನು ಕೇಳಿ ನನ್ನ ಸೂಜಿ ನಿಂತುಹೋಯಿತು. ಅಡುಗೆಮನೆಯಲ್ಲಿ ನಾನು ಆಡಿದ್ದು ಅದೇ ಮಾತು ತಾನೇ.

ಹುಡುಗರು ಏನು ಮಾಡಿದರು ಅಂದರೆ, ಬರ್ಗಮೊ ಹೇಳಿದ ಮಾತನ್ನೇ ಸ್ಟಿಕ್ಕರ್ ಮಾಡಿಸಿದರು. ಅಚ್ಚು ಹಾಕುವ ಕಾರ್ಖಾನೆಗೆ ಹೋಗಿ, ಸಾವಿರಾರು ಕವರುಗಳ ಮೇಲೆ, ಎಂಸಿಎ ಗುರುತು ಮುಚ್ಚುವ ಹಾಗೆ ಕೈಯಾರೆ ಅಂಟಿಸಿದರು. ಎಸ್‌ಎಸ್‌ಟಿಯಲ್ಲಿ ಬಹಳ ಕಾಲ ಇದ್ದ ಜೋ ಕಾರ್ಡುಚಿ ಆಮೇಲೆ ಹೇಳಿದ್ದು ಬೇರೆ. ಯೂನಿಕಾರ್ನ್ ನಷ್ಟದಲ್ಲಿತ್ತು, ಎಂಸಿಎಗೆ ಆ ಸಂಬಂಧ ಕಡಿದುಕೊಳ್ಳಬೇಕಿತ್ತು, ಹೆತ್ತವರ ಮಾತು ಬರೀ ನೆಪ ಅಂತ. ನನಗೆ ಅದೇ ಸರಿ ಅನ್ನಿಸುತ್ತೆ. ಒಪ್ಪಿಕೊಂಡ ಗಿರಾಕಿ ದುಡ್ಡು ಕೊಡಲು ಮನಸ್ಸಿಲ್ಲದಾಗ ಬಟ್ಟೆಯ ಬಣ್ಣದ ಮೇಲೆ ತಪ್ಪು ಹಾಕುವುದನ್ನು ನಾನು ಎಷ್ಟು ನೋಡಿಲ್ಲ!

ನಾನು ಆಲ್ಬಮ್ ಕೇಳಿದೆ ಪುಟ್ಟಿ. 15 ಹಾಡು. ತಮ್ಮ ಸಾಲು ಸಾಲಾಗಿ ಅರ್ಥ ಹೇಳಿದ. ಟಿವಿ ಪಾರ್ಟಿ ಅಂತ ಒಂದು ಹಾಡಿದೆ. ಹುಡುಗರು ರಾತ್ರಿಯಿಡೀ ಬಿಯರ್ ಹಿಡಿದು ಟಿವಿ ಮುಂದೆ ಬಿದ್ದಿರುತ್ತಾರೆ, ಅವರಿಗೆ ಬೇರೆ ಲೋಕವೇ ಇಲ್ಲ. ಅಂಥವರನ್ನು ಆಡಿಕೊಳ್ಳುವ ಹಾಡು ಅದು. ನಾನು ನಿಮ್ಮಿಬ್ಬರಿಗೂ ದಿನಾ ಬೈಯುತ್ತಿದ್ದುದೂ ಅದಕ್ಕೇ ಅಲ್ವಾ? ಮೊದಲನೇ ಹಾಡು ತುಳಿಯುವವರ ಎದುರು ಬಗ್ಗಬಾರದು, ಅವರನ್ನು ಮೀರಿ ಏಳಬೇಕು ಅನ್ನುತ್ತೆ. ಇದರಲ್ಲಿ ಹೆತ್ತವರಿಗೆ ವಿರುದ್ಧವಾದದ್ದು ಏನಿದೆ? ಆದರೆ ಕೆಲವು ಹಾಡು ನನಗೆ ಕಷ್ಟ ಆಯಿತು, ಸುಳ್ಳು ಹೇಳುವುದಿಲ್ಲ. ಕೊನೆಯ ಹಾಡಿನಲ್ಲಿ ಆ ಹುಡುಗ ಯಾರೂ ಹತ್ತಿರ ಬರಬೇಡಿ ಅನ್ನುವ ಹಾಗೆ ಒರಲುತ್ತಾನೆ. ಕೇಳಿ ನಾನು ಅಂಗಡಿ ಶಟರ್ ಎಳೆದು ಸುಮ್ನೆ ಕೂತುಬಿಟ್ಟೆ. ನೀನು ಎಸ್ಸೆಸ್ಸೆಲ್ಸಿ ವರ್ಷ ಮೂರು ತಿಂಗಳು ರೂಮಿನ ಬಾಗಿಲು ಹಾಕಿಕೊಂಡಿದ್ದು ನೆನಪಾಯಿತು. ಆಗ ನಿನ್ನ ಒಳಗೆ ಇದ್ದದ್ದು ಇದೇ ಸದ್ದಾ?

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ತಟ್ಟಿತು. ಹೆತ್ತವರ ವಿರುದ್ಧ ಅಂತ ಹೆಸರು ಪಡೆದ ಈ ಬ್ಯಾಂಡನ್ನು ಸಾಕಿದ್ದು ಗ್ರೆಗ್‌ನ ಅಪ್ಪ ಅಮ್ಮನೇ. ಹುಡುಗರ ಹತ್ತಿರ ಕಾಸಿರಲಿಲ್ಲ, ನೆಲದ ಮೇಲೆ ಮಲಗುತ್ತಿದ್ದರು. ಆ ಮನೆಯಲ್ಲಿ ಎಲ್ಲರಿಗೂ ಊಟ ಸಿಗುತ್ತಿತ್ತು. ಅಪ್ಪ ಹಳೇ ಬಟ್ಟೆ ಅಗ್ಗಕ್ಕೆ ಕೊಂಡು ತಂದು ಹಾಕಿಕೊಳ್ಳಲು ಕೊಡುತ್ತಿದ್ದರು. ಇದನ್ನು ನಿಮ್ಮ ಅಪ್ಪನಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಮಾರನೇ ದಿನ ಪೇಟೆಗೆ ಹೋಗಿ ಎರಡು ಕೇಜಿ ಅವಲಕ್ಕಿ, ಚಟ್ನಿಪುಡಿಗೆ ಒಣಕೊಬ್ಬರಿ, ಹುರಿಗಡಲೆ ತಂದರು. ನಿಮ್ಮ ನಾಲ್ಕು ಜನಕ್ಕೂ ಆಗುವಷ್ಟು ಕಟ್ಟಿ ಇಟ್ಟಿದ್ದೇನೆ, ಶನಿವಾರದ ಬಸ್ಸಿಗೆ ಬರುತ್ತೆ.

ಡ್ಯಾಮೇಜ್ಡ್ ಬಂದಾಗ ಅವರನ್ನು ಮೊದಲಿನಿಂದ ಬಲ್ಲವರೂ ಎಲ್ಲರೂ ಹೊಗಳಲಿಲ್ಲ. ಸದ್ದು ಕೆಸರು ಕಲಸಿದ ಹಾಗಿದೆ, ಹಳೇ ಹಾಡುಗಾರರು ಹಾಡಿದ್ದೇ ಚೆನ್ನಾಗಿತ್ತು ಅಂದವರಿದ್ದರು. ಆಮೇಲೆ ಯೂನಿಕಾರ್ನ್ ಜೊತೆ ಕೋರ್ಟು ಕಚೇರಿ ಆಯಿತು. ಬ್ಯಾಂಡಿನ ಹೆಸರಿನಲ್ಲಿ ರೆಕಾರ್ಡ್ ತರಬಾರದು ಅಂತ ತಡೆ ಬಂತು. ಹಳೇ ಹಾಡುಗಳನ್ನು ಕೂಡಿಸಿ, ಕವರಿನಲ್ಲಿ ಬ್ಯಾಂಡಿನ ಹೆಸರೇ ಇಲ್ಲದೆ, ನುಡಿಸಿದವರ ಹೆಸರು ಮಾತ್ರ ಹಾಕಿ ತಂದರು. ಅದಕ್ಕೂ ಗ್ರೆಗ್ ಮತ್ತು ಬಾಸ್ ನುಡಿಸುವ ಚಕ್ ಡುಕೌಸ್ಕಿ ಐದು ದಿನ ಜೈಲಿನಲ್ಲಿ ಕೂರಬೇಕಾಯಿತು. 1983ರಲ್ಲಿ ಯೂನಿಕಾರ್ನ್ ಮುಳುಗಿದ ಮೇಲೆಯೇ ಆ ತಡೆ ಹೋಯಿತು. 2003ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಅತ್ಯುತ್ತಮ 500 ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಡ್ಯಾಮೇಜ್ಡ್‌ಗೆ 340ನೇ ಜಾಗ. 2020ರಲ್ಲಿ ಅದೇ ಪತ್ರಿಕೆಯ ಹೊಸ ಪಟ್ಟಿಯಲ್ಲಿ 487. ತಮ್ಮ ಇದನ್ನು ನಿನಗೆ ಸಮಾಧಾನ ಆಗಲಿ ಅಂತ ಬರೆಯಲು ಹೇಳಿದ. ನನಗೆ ಆ ನಂಬರುಗಳಿಂದ ಏನೂ ಅನ್ನಿಸಲಿಲ್ಲ. 22 ವರ್ಷ ಆದ ಮೇಲೆ ಬರುವ ನಂಬರು ನೆಲದ ಮೇಲೆ ಮಲಗುತ್ತಿದ್ದ ಹುಡುಗರಿಗೆ ಆ ರಾತ್ರಿ ಏನು ಕೊಟ್ಟೀತು?

ನನಗೆ ತಿಳಿದ ವಿಮರ್ಶೆ ಅಂದರೆ ಅಂಗಡಿಗೆ ಬರುವ ಹೆಂಗಸರದ್ದು. 24 ವರ್ಷದಿಂದ ಕೇಳಿದ್ದೇನೆ. "ಚೆನ್ನಾಗಿಲ್ಲ" ಅಂತ ಬ್ಲೌಸ್ ಟೇಬಲ್ ಮೇಲೆ ಎಸೆದು ಹೋದವರಿಂದ ನಾನು ಏನೂ ಕಲಿಯಲಿಲ್ಲ. "ಸೂಪರ್ ಆಗಿದೆ ಅಕ್ಕ" ಅಂದವರಿಂದಲೂ ಇಲ್ಲ. "ಕೈ ಮೇಲೆತ್ತಿದರೆ ಇಲ್ಲಿ ಎಳೆಯುತ್ತೆ ನೋಡಿ" ಅಂತ ಬೆರಳಿಟ್ಟು ತೋರಿಸಿದವರಿಂದ ತೋಳಿನ ಕಟಿಂಗ್ ಕಲಿತೆ. ಆ ಕಣ್ಣಿನಿಂದ ನಿಮ್ಮ ವಿಮರ್ಶೆಯನ್ನು ಇನ್ನೊಂದು ಸಲ ಓದಿಸಿಕೊಂಡೆ. ಪೂರ್ತಿ ಒಂದು ಪುಟದಲ್ಲಿ ಬೆರಳಿಟ್ಟು ತೋರಿಸಿದ ಸಾಲು ಒಂದೇ. ಆರನೇ ಹಾಡಿನಿಂದ ಗಿಟಾರ್ ಸದ್ದಿನ ಅಡಿಯಲ್ಲಿ ಮಾತು ಹೂತುಹೋಗುತ್ತೆ ಅಂದಿದ್ದಾರೆ. ಅದು ನಿಜ. ಅದನ್ನು ಇಟ್ಟುಕೋ. ನಿನ್ನ ಗೆಳತಿ ಅಷ್ಟು ಪ್ರಾಣ ಬಿಟ್ಟು ಹಾಡುವುದು ಕೇಳಿಸಬೇಕು. ಮುಂದಿನ ಸಲ ರೆಕಾರ್ಡ್ ಮಾಡುವವರಿಗೆ ಮೊದಲೇ ಹೇಳಿ. ಮಿಕ್ಕಿದ್ದು ಬರೀ ಬ್ಲೌಸ್ ಎಸೆದು ಹೋದದ್ದು.

ಬೆರಳಿಟ್ಟು ಹೇಳಬೇಕು ಅಂದಮೇಲೆ ನಾನೂ ಹೇಳುತ್ತೇನೆ. ನಿಮ್ಮ ಆಲ್ಬಮ್ ಒಂದು ವಾರದಿಂದ ಮಿಷನ್ ಪಕ್ಕದಲ್ಲೇ ಹಾಕಿಕೊಂಡು ಕೇಳುತ್ತಿದ್ದೇನೆ. ಮೊದಲ ದಿನ ಪೂರ್ತಿ ಗೋಡೆಯ ಹಾಗಿತ್ತು. ಮೂರನೇ ದಿನ ನಿನ್ನ ಡ್ರಮ್ ಒಂದನ್ನೇ ಹಿಡಿದು ಹೋದೆ, ಆಗ ದಾರಿ ಬಿಟ್ಟಿತು. ಎರಡನೇ ಹಾಡಿನಲ್ಲಿ ನಿನ್ನ ಕೈ ಎಷ್ಟು ಸಮ ಇದೆ ಅಂದರೆ, ಮೋಟರ್ ಮಿಷನ್ ಪೂರ್ತಿ ಒತ್ತಿದರೂ ಒಂದು ಹೊಲಿಗೆ ಬಿಡದೆ ಹೋಗುತ್ತಲ್ಲ, ಹಾಗೆ. ಅದು ಸುಮ್ನೆ ಕೋಪದಿಂದ ಬರುವುದಿಲ್ಲ. ದಿನಾ ಕೂತು ಬಾರಿಸಿದರೆ ಮಾತ್ರ ಬರುತ್ತೆ. ಏಳನೇ ಹಾಡು ಉದ್ದ ಜಾಸ್ತಿ ಆಯಿತು. ಒಂದು ನಿಮಿಷಕ್ಕೆ ಹೇಳಿ ಮುಗಿದಿರುತ್ತೆ, ಮತ್ತೆ ಎಳೆದಿದ್ದೀರಿ.

ಬಳೆ ವಿಷಯವನ್ನೂ ಬರೆದುಬಿಡುತ್ತೇನೆ. ಬ್ಲ್ಯಾಕ್ ಫ್ಲ್ಯಾಗ್‌ನ ಡ್ರಮ್ಮರ್ ರೋಬೊ ಕೈಗೆ ಬಳೆಗಳನ್ನು ಹಾಕಿಕೊಂಡೇ ಬಾರಿಸುತ್ತಿದ್ದನಂತೆ. ಆ ಸದ್ದು ರೆಕಾರ್ಡಿಂಗ್‌ನಲ್ಲೂ ಬಂದಿದೆ. ತಮ್ಮ ತೋರಿಸಿಕೊಟ್ಟ ಮೇಲೆ ನನಗೂ ಕೇಳಿಸಿತು, ಪ್ರತಿ ಪೆಟ್ಟಿನ ಹಿಂದೆ ಸಣ್ಣಗೆ ಝಲ್ ಅನ್ನುತ್ತೆ. ಬೋಳು ಕೈಯಲ್ಲಿ ಓಡಾಡಬೇಡ ಅಂತ ನಿನ್ನ ಹತ್ತಿರ ಎಷ್ಟು ಜಗಳ ಆಡಿದ್ದೇನೆ. ಬಳೆ ಇದ್ದರೆ ಮಣಿಕಟ್ಟು ತಿರುಗುವುದಿಲ್ಲ ಅಮ್ಮ ಅಂತ ನೀನು ಹೇಳುತ್ತಿದ್ದುದು ನೆಪ ಅಂದುಕೊಂಡಿದ್ದೆ. ಈಗ ನಿನ್ನ ಡ್ರಮ್ ಕೇಳಿದ ಮೇಲೆ ಅರ್ಥ ಆಗಿದೆ, ಆ ವೇಗಕ್ಕೆ ಮಣಿಕಟ್ಟು ಎಷ್ಟು ಹಗುರ ಇರಬೇಕು ಅಂತ. ಇನ್ನು ಆ ಮಾತು ಎತ್ತುವುದಿಲ್ಲ. ಹಬ್ಬಕ್ಕೆ ಬಂದಾಗ ನಿನಗೆ ಮನಸ್ಸಾದರೆ ಹಾಕಿಕೋ.

ಟೀ ಶರ್ಟಿಗೆ ಡಬಲ್ ಹೊಲಿಗೆ ಹಾಕಿದ್ದೇನೆ. ಬಾರಿಸುವಾಗ ಕೈ ಎತ್ತಿದರೆ ಎಳೆಯದ ಹಾಗೆ ಕಂಕುಳಲ್ಲಿ ಸಣ್ಣ ತುಂಡು ಕೊಟ್ಟಿದ್ದೇನೆ. ಅದೂ ಅವಲಕ್ಕಿ ಡಬ್ಬಿಯ ಜೊತೆ ಬರುತ್ತೆ.

ಒಂದೇ ಒಂದು ವಿಷಯ ಕೇಳಬೇಕಿತ್ತು. ನಾಲ್ಕನೇ ಹಾಡಿನಲ್ಲಿ ಎಲ್ಲರೂ ನಿಲ್ಲಿಸುತ್ತೀರಲ್ಲ, ಮತ್ತೆ ಶುರು ಮಾಡುವಾಗ ಗಿಟಾರ್ ಮೊದಲು ಬರುತ್ತೆ, ನೀನು ಕೂದಲೆಳೆಯಷ್ಟು ತಡವಾಗಿ ಬರುತ್ತೀಯ. ಅಲ್ಲಿ ಪ್ರತಿ ಸಲ ನನ್ನ ಕಾಲು ಪೆಡಲ್ ಮೇಲೆ ನಿಂತುಬಿಡುತ್ತೆ. ಅದು ತಪ್ಪಿದ್ದಾ, ಬೇಕು ಅಂತಲೇ ಮಾಡಿದ್ದಾ? ತಮ್ಮ ತಪ್ಪಿದ್ದು ಅನ್ನುತ್ತಾನೆ. ಅಲ್ಲ ಅಂತ ನಾನು ಅನ್ನುತ್ತಿದ್ದೇನೆ. ಭಾನುವಾರ ಫೋನ್ ಮಾಡಿ ಹೇಳು.

ಇಂತಿ ನಿನ್ನ
ಅಮ್ಮ