ಮಗಳಿಗೊಂದು ಪತ್ರ: ಒಂದರಿಂದ ನಾಲ್ಕು ಗಂಟೆ

ಪುಟ್ಟಿ,

ಶುಕ್ರವಾರ ನೀನು ಫೋನ್ ಕುಕ್ಕಿದ ಮೇಲೆ ಮೂರು ಸಲ ಮಾಡಿದೆ. ಎತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ನಮ್ಮ ಬೀದಿ ಕೊನೆಯಲ್ಲಿ ಕಾರೊಳಗೆ ಕೂತು. ಮನೆ ಮಾರಾಟಕ್ಕಿಟ್ಟಿದ್ದೇವಲ್ಲ, ಇವತ್ತು ಒಂದರಿಂದ ನಾಲ್ಕರವರೆಗೆ ಓಪನ್ ಹೌಸ್, ಯಾರು ಬೇಕಾದರೂ ಬಂದು ಮನೆ ನೋಡಬಹುದು. ಆಗ ಮನೆಯವರು ಒಳಗಿರಬಾರದಂತೆ. ಅಪ್ಪ ಫ್ರೀಮಾಂಟ್ ಲೈಬ್ರರಿಗೆ ಹೋದರು. ನನಗೆ ಎಲ್ಲಿಗೂ ಹೋಗಲು ಮನಸ್ಸಾಗಲಿಲ್ಲ.

"ಅಜ್ಜಿ ರೂಮಿಗೆ ಯಾರ್ಯಾರೋ ಶೂ ಹಾಕಿಕೊಂಡು ನುಗ್ಗುತ್ತಾರಾ" ಅಂದೆಯಲ್ಲ, ಇಲ್ಲ ಕಣೇ, ಶೂ ಮೇಲೆ ಹಾಕುವ ಕವರ್ ಬಾಗಿಲಲ್ಲೇ ಇಟ್ಟಿದ್ದಾರೆ. ರೂಮಿನ ಗುರುತೇ ಸಿಗುವುದಿಲ್ಲ ಈಗ. ನೋಡಲು ಬರುವವರಿಗಾಗಿ ಬಾಡಿಗೆ ಮಂಚ, ಬಿಳಿ ದಿಂಬು. ವಾಸನೆ ಬರಬಾರದು ಅಂತ ವಾರದಿಂದ ಒಗ್ಗರಣೆ ಇಲ್ಲ, ಇಂಗಿನ ಡಬ್ಬಿ ಗ್ಯಾರೇಜಿಗೆ ಹೋಯಿತು.

ಇನ್ನೊಂದು ವಿಷಯ. ಕ್ಯಾಲಿಫೋರ್ನಿಯಾದಲ್ಲಿ 3 ವರ್ಷದೊಳಗೆ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಕೊಳ್ಳುವವರಿಗೆ ಹೇಳಬೇಕು, ಕಾನೂನು. ಅಜ್ಜಿ ಹೋಗಿ 2 ವರ್ಷ 10 ತಿಂಗಳು. ಇನ್ನೆರಡು ತಿಂಗಳು ತಡೆದರೆ ನಾವಾಗಿ ಬರೆಯಬೇಕಾಗಿಲ್ಲ ಅಂದರು ಅಪ್ಪ. ನಾನು ಬರೆದೆ. ಬರೆಯುವಾಗ ಕೈ ನಿಂತುಬಿಟ್ಟಿತು. ನಿನಗೆ ನಾಲ್ಕು ದಿನ ತಡವಾಗಿ ಹೇಳಿದ್ದನ್ನು ಗುರುತು ಪರಿಚಯ ಇಲ್ಲದವರಿಗೆ ಮೊದಲೇ ಹೇಳುತ್ತಿದ್ದೇನಲ್ಲ ಅಂತ. ನಿನ್ನ ಪರೀಕ್ಷೆ ಮುಗಿಯಲಿ ಅಂದುಕೊಂಡೆ. ಆಗ ಅದೇ ಸರಿ ಅನ್ನಿಸಿತ್ತು. ಇಲ್ಲ, ಆಗಲೂ ಪೂರ್ತಿ ಅನ್ನಿಸಿರಲಿಲ್ಲ. ಆ ಗುರುವಾರ ನೀನು ಫೋನ್ ಮಾಡಿ ಅಜ್ಜಿಗೆ ಕೊಡು ಅಂದಾಗ, ಮಲಗಿದ್ದಾರೆ ಅಂದೆ. ಇನ್ನೇನಾದರೂ ಹೇಳಬಹುದಿತ್ತು. ದೇವಸ್ಥಾನಕ್ಕೆ ಹೋಗಿದ್ದಾರೆ ಅಂತ. ಸ್ನಾನಕ್ಕೆ ಅಂತ. ಮಲಗಿದ್ದಾರೆ ಅಂತ ಯಾಕೆ ಬಾಯಿಗೆ ಬಂತೋ. ತಪ್ಪಾಯಿತು ಪುಟ್ಟಿ.

ಎದುರುಮನೆಯವರು ಆಗಲೇ ಎರಡು ಸಲ ಒಳಗೆ ಹೋಗಿ ಬಂದರು. ಕೊಳ್ಳಲಿಕ್ಕಲ್ಲ, ಸುಮ್ನೆ ನೋಡಲಿಕ್ಕೆ. ಓಪನ್ ಹೌಸಿಗೆ ಬಂದವರೇ ಕೊಳ್ಳುವುದು ಕಡಿಮೆ ಅಂತ ನಮ್ಮ ಏಜೆಂಟೇ ಒಪ್ಪಿಕೊಂಡರು. ಮನಸ್ಸಿದ್ದವರು ಆಮೇಲೆ ಹೇಳಿಕಳಿಸಿ ಬರುತ್ತಾರೆ. ಆದರೆ ಬೇರೆಯವರು ಅಳತೆ ಟೇಪು ಹಿಡಿದದ್ದು ಕಂಡರೆ ಯಾರಿಗೂ ಆತುರ ಹುಟ್ಟುತ್ತದಲ್ವಾ, ಬೇಕಾಗಿರುವುದು ಅದು. ಏಜೆಂಟಿಗೂ ನಾಲ್ಕು ಹೊಸ ಗಿರಾಕಿ ಸಿಗುತ್ತಾರೆ.

ನಾಳೆ ನೀನೂ ಮನೆ ನೋಡುತ್ತೀಯ. ಓಪನ್ ಹೌಸಿನಲ್ಲಿರುವ ಏಜೆಂಟ್ ಮಾರುವವರ ಕಡೆಯವರು, ನಿನ್ನ ಬಜೆಟ್ ಬಾಯಿಬಿಡಬೇಡ. 2024ರ ಆಗಸ್ಟ್‌ನಿಂದ ನಿನ್ನ ಕಡೆಯ ಏಜೆಂಟ್ ಜೊತೆ ಮನೆ ನೋಡಲು ಹೋಗುವ ಮೊದಲೇ ಒಪ್ಪಂದಕ್ಕೆ ಸಹಿ ಕೇಳುತ್ತಾರೆ, ಓಪನ್ ಹೌಸಿಗೆ ನೀನಾಗಿ ಹೋದರೆ ಅದು ಬೇಡ. ನಲ್ಲಿ ತಿರುಗಿಸು, ವಾಟರ್ ಹೀಟರ್ ಎಷ್ಟು ಹಳೆಯದು ನೋಡು, ಹೊಸ ಬಣ್ಣಕ್ಕೆ ಮರುಳಾಗಬೇಡ. ನೋಡು, ಶುರುವಾಯಿತು ನನ್ನ ಪಾಠ. ನಿನಗೆ ಹೇಳಿಕೊಡಬೇಕಾಗಿಲ್ಲ, ಎದುರಿಗೇ ಕೇಳುವ ಬಾಯಿ ನಿನಗಿದೆ. ಅದು ನನಗೆ ಹೆಮ್ಮೆಯೇ, ಫೋನ್ ಕುಕ್ಕಿದ್ದೊಂದು ಬಿಟ್ಟು.

ನಾಲ್ಕಾಯಿತು. ಇನ್ನೂ ಯಾರೋ ಇಬ್ಬರು ಒಳಗಿದ್ದಾರೆ. ಮಂಗಳವಾರ ಆಫರ್ ನೋಡುತ್ತೇವೆ. ಅಜ್ಜಿ ಸೀರೆಗಳ ಪೆಟ್ಟಿಗೆ ಮನೆಯಲ್ಲಿ ಬಿಡಲಿಲ್ಲ, ಡಿಕ್ಕಿಯಲ್ಲಿದೆ. ನಿನಗೆ ಯಾವುದು ಬೇಕು ಹೇಳು. ರಾತ್ರಿ ಮಾಡುತ್ತೇನೆ, ಎತ್ತು.

ಅಮ್ಮ