ಆಯುಕ್ತರೇ, ಆ ಎರಡು ಹಸಿರು ತುಂಡುಗಳನ್ನು ಜೋಡಿಸಿ

ಮಾನ್ಯ ನಗರಪಾಲಿಕೆ ಆಯುಕ್ತರಿಗೆ,

ನಮಸ್ಕಾರ. ನಾನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುವವನು. 26 ವರ್ಷದಿಂದ ಮನೆಯಿಂದ ಕೈಗಾರಿಕಾ ಪ್ರದೇಶಕ್ಕೆ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದೇನೆ. ಹೋಗೋಕೆ ಏಳು ಕಿಲೋಮೀಟರ್, ಬರೋಕೆ ಏಳು. ಊರಿನ ಹೆಸರು ಬೇಕಂತಲೇ ಹಾಕಿಲ್ಲ. ನಿಮಗೆ ಗೊತ್ತಾಗುತ್ತದೆ. ಬೇರೆ ಊರಿನ ಆಯುಕ್ತರು ಇದನ್ನು ಓದಿ ತಮಗೇ ಬರೆದದ್ದು ಅಂದುಕೊಂಡರೂ ನನ್ನ ಅಭ್ಯಂತರವಿಲ್ಲ.

ವಿಷಯ ಸಣ್ಣದು. ನೀವು ಹಸಿರು ಬಣ್ಣ ಬಳಿಸಿ ಮಾಡಿಸಿದ ಸೈಕಲ್ ಪಥ ಎರಡು ತುಂಡಾಗಿದೆ. ಒಂದು ತುಂಡು ಕೆರೆ ಪಕ್ಕದ ಪಾರ್ಕಿನ ಮುಂದೆ. ಇನ್ನೊಂದು ನಿಮ್ಮ ಕಚೇರಿ ಇರುವ ರಸ್ತೆಯಲ್ಲಿ. ನಡುವೆ ಎರಡೂವರೆ ಕಿಲೋಮೀಟರ್ ಏನೂ ಇಲ್ಲ. ಬಸ್ ಸ್ಟ್ಯಾಂಡು, ಮಾರ್ಕೆಟ್ ಸರ್ಕಲ್ಲು, ರೈಲ್ವೆ ಅಂಡರ್‌ಪಾಸು ಎಲ್ಲ ಇರೋದು ಆ ಎರಡೂವರೆ ಕಿಲೋಮೀಟರಿನಲ್ಲೇ. ಪಾರ್ಕಿನ ಮುಂದೆ ನನಗೆ ಪಥ ಇಲ್ಲದಿದ್ದರೂ ನಡೆಯುತ್ತಿತ್ತು ಸ್ವಾಮಿ. ಅಲ್ಲಿ ಬೆಳಿಗ್ಗೆ ನಾಯಿ ಬಿಟ್ಟರೆ ಯಾರೂ ಅಡ್ಡ ಬರೋದಿಲ್ಲ. ಅಂಡರ್‌ಪಾಸಿನಲ್ಲಿ ಹಿಂದಿನಿಂದ ಲಾರಿ ಹಾರ್ನ್ ಹೊಡೆಯುವಾಗ ಬೇಕಿತ್ತು. ದಯವಿಟ್ಟು ಎರಡನ್ನೂ ಜೋಡಿಸಿ. ಮುಂದೆ ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟು ತಿಳಿದುಕೊಂಡರೂ ಸಾಕು.

ನಿಯಮ ನಾನು ಹೇಳಿಕೊಡಬೇಕಾಗಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 11 ನಿಮ್ಮ ಎಂಜಿನಿಯರುಗಳ ಬೀರುವಿನಲ್ಲೇ ಇರುತ್ತದೆ. ಸೈಕಲ್ ಪಥ ಹೇಗಿರಬೇಕು ಅಂತ ಹೇಳುವ ಆ ಪುಸ್ತಕ 1962ರಷ್ಟು ಹಳೆಯದು, 2015ರಲ್ಲಿ ಹೊಸದಾಗಿ ಬಂದಿದೆ. ಕನಿಷ್ಠ 2 ಮೀಟರ್ ಅಗಲ ಅನ್ನುವುದು ಅವರಿಗೆ ಬಾಯಿಪಾಠ ಇರಬೇಕು. ನಿಮ್ಮ ಕಚೇರಿ ಮುಂದಿನ ಪಥವನ್ನು ನಾನೇ ಟೇಪು ಹಿಡಿದು ಅಳೆದೆ. 1.1 ಮೀಟರ್. ಅದರಲ್ಲೂ ಒಂದು ಕಡೆ ಟ್ರಾನ್ಸ್‌ಫಾರ್ಮರ್ ಕಟ್ಟೆ ಇದೆ. ಅಲ್ಲಿ ಸೈಕಲ್ ಇಳಿದು, ಎತ್ತಿಕೊಂಡು ಹೋಗಬೇಕು. ಮಿಕ್ಕ ಜಾಗದಲ್ಲಿ ಕಚೇರಿಗೆ ಬಂದವರ ಕಾರು ನಿಂತಿರುತ್ತವೆ. ಅದರಲ್ಲಿ ಸರ್ಕಾರಿ ಬೋರ್ಡಿನವೂ ಇರುತ್ತವೆ. ನಂಬರ್ ಬರೆದುಕೊಂಡಿಲ್ಲ, ಹೆದರಬೇಡಿ.

ಇಷ್ಟು ವರ್ಷ ಸುಮ್ನೆ ಇದ್ದವನು ಈಗ ಬರೆಯುತ್ತಿರೋದಕ್ಕೆ ಕಾರಣ ಜೂನ್ 3. ಅವತ್ತು ವಿಶ್ವ ಸೈಕಲ್ ದಿನ. 2018ರಲ್ಲಿ ವಿಶ್ವಸಂಸ್ಥೆ ಘೋಷಿಸಿದ್ದಂತೆ. ಅವತ್ತಿನ ಸೈಕಲ್ ಜಾಥಾಕ್ಕೆ ನೀವು ಮಾಡಿಸಿದ ಕರಪತ್ರದಲ್ಲೇ ಇತ್ತು. ಆ ಕರಪತ್ರ ಪ್ರಿಂಟಾಗಿದ್ದು ನಮ್ಮ ಪ್ರೆಸ್ಸಿನಲ್ಲಿ. ಎರಡು ಸಾವಿರ ಪ್ರತಿ. ರಾತ್ರಿ ಹತ್ತರವರೆಗೆ ಕೂತು ಕತ್ತರಿಸಿ, ನೂರರ ಕಟ್ಟು ಮಾಡಿದ್ದು ನಾನು. ‘ಸೈಕಲ್ ಬಳಸಿ, ನಗರ ಉಳಿಸಿ’ ಅಂತ ದಪ್ಪಕ್ಷರದಲ್ಲಿ. ಬೆಳಿಗ್ಗೆ ಆರೂವರೆಗೆ ಕಟ್ಟುಗಳನ್ನು ಕ್ಯಾರಿಯರ್ ಮೇಲೆ ಹೇರಿಕೊಂಡು ಜಾಥಾ ಹೊರಡುವ ಜಾಗಕ್ಕೆ ಹೋದೆ.

ಪಥದ ಬಾಯಲ್ಲೇ ಒಬ್ಬರು ಕೈ ಅಡ್ಡ ಹಿಡಿದರು. ‘ಇವತ್ತು ಈ ಕಡೆ ಸೈಕಲ್ ಬಿಡಲ್ಲ, ಸೈಕಲ್ ಜಾಥಾ ಇದೆ’ ಅಂದರು. ನನಗೆ ಮೊದಲು ನಗು ಬಂತು. ಅವರಿಗೆ ಬರಲಿಲ್ಲ. ಕರಪತ್ರ ತಂದಿದ್ದೀನಿ ಅಂದೆ. ಕಟ್ಟುಗಳನ್ನು ಇಳಿಸಿಕೊಂಡರು. ಆಮೇಲೆ ನನ್ನ ಸೈಕಲ್ ಕಡೆ ನೋಡಿ, ‘ಇದನ್ನ ಕಾಂಪೌಂಡ್ ಹಿಂದೆ ಇಟ್ಟುಬಿಡಪ್ಪಾ, ಫೋಟೋದಲ್ಲಿ ಬರುತ್ತೆ’ ಅಂದರು. ನನ್ನದು ಹಳೇ ಸೈಕಲ್ಲು, ನಿಜ. ಸೀಟಿಗೆ ಪ್ಲಾಸ್ಟಿಕ್ ಕವರ್ ಸುತ್ತಿದ್ದೇನೆ. ಮಡ್‌ಗಾರ್ಡ್ ತುಕ್ಕು ಹಿಡಿದಿದೆ. ಆದರೆ ಅವತ್ತು ಅಲ್ಲಿ ನಿಂತಿದ್ದ ಸೈಕಲ್‌ಗಳಲ್ಲಿ ಮಾರನೇ ದಿನವೂ ರಸ್ತೆಗೆ ಇಳಿದದ್ದು ಅದೊಂದೇ ಇರಬೇಕು. ಮಿಕ್ಕವನ್ನು ಟೆಂಪೋದಲ್ಲಿ ತಂದು ಟೆಂಪೋದಲ್ಲೇ ವಾಪಸ್ ಕಳಿಸಿದರು. ನಾನು ಕಾಂಪೌಂಡ್ ಹಿಂದೆ ನಿಂತು ನೋಡಿದೆ.

ವಾಪಸ್ ಪ್ರೆಸ್ಸಿಗೆ ಹೊರಟೆ. ಮಾರ್ಕೆಟ್ ಸರ್ಕಲ್ ದಾಟಿದ ಮೇಲೆ ಚರಂಡಿ ಮೇಲೆ ಒಂದು ಕಬ್ಬಿಣದ ಜಾಲರಿ ಇದೆ. ಅದರ ಪಟ್ಟಿಗಳು ರಸ್ತೆಯ ಉದ್ದಕ್ಕೇ ಇವೆ. ಅಡ್ಡಕ್ಕೆ ಇರಬೇಕು. ಉದ್ದಕ್ಕಿದ್ದರೆ ಸೈಕಲ್ ಚಕ್ರ ಸಂದಿಯೊಳಗೆ ಹೋಗಿ ಕಚ್ಚಿಕೊಳ್ಳುತ್ತದೆ. ಇದು ಗೊತ್ತಾಗಲು ಎಂಜಿನಿಯರಿಂಗ್ ಓದಬೇಕಾ? ಬಸ್ಸಿಗೆ ಜಾಗ ಬಿಡಲು ಎಡಕ್ಕೆ ಎಳೆದೆ. ಮುಂದಿನ ಚಕ್ರ ಸಿಕ್ಕಿಕೊಂಡಿತು. ನಾನು ಹ್ಯಾಂಡಲ್ ಮೇಲಿಂದ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಐದು ವಾರ ಪ್ಲಾಸ್ಟರ್. ನಮ್ಮದು ದಿನಗೂಲಿ. ಬಲಗೈ ಇಲ್ಲದ ಬೈಂಡರಿಗೆ ಯಾರು ಕೂಲಿ ಕೊಡುತ್ತಾರೆ? ಹೆಂಡತಿ ಇನ್ನೂ ಎರಡು ಮನೆ ಕೆಲಸ ಹಿಡಿದಳು. ಎಡಗೈಯಲ್ಲಿ ಊಟ ಮಾಡೋದು ಕಲಿತೆ, ಅಂಟು ಹಚ್ಚೋದು ಕಲಿಯೋಕಾಗಲಿಲ್ಲ.

ದೂರು ಕೊಟ್ಟೆ. ಹಿಂಬರಹ ಬಂತು: ‘ಸದರಿ ಸ್ಥಳವನ್ನು ಪರಿಶೀಲಿಸಲಾಗಿದ್ದು, ಸೈಕಲ್ ಪಥವು ಸುಸ್ಥಿತಿಯಲ್ಲಿರುತ್ತದೆ.’ ಸದರಿ ಸ್ಥಳದಲ್ಲಿ ಪಥವೇ ಇಲ್ಲ. ಇಲ್ಲದ ಪಥ ಸುಸ್ಥಿತಿಯಲ್ಲಿರುವುದು ನಮ್ಮೂರಿನಲ್ಲಿ ಮಾತ್ರ.

ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನಲ್ಲೂ ಕೇಳಿದೆ. ಪಥಕ್ಕೆ ಈ ಎರಡೇ ಜಾಗ ಯಾಕೆ ಆರಿಸಿದಿರಿ ಅಂತ. 30 ದಿನದಲ್ಲಿ ಉತ್ತರ ಕೊಡಬೇಕು ಅನ್ನೋದೂ ನಿಮಗೆ ಗೊತ್ತಿರುವ ನಿಯಮವೇ. ನನಗೆ ಬಂದದ್ದು 52ನೇ ದಿನ. ಭಾನುವಾರ ಬೆಳಿಗ್ಗೆ ಕೆರೆ ಹತ್ತಿರ ನಿಂತು ಸೈಕಲ್ ಎಣಿಸಿದ್ದರಂತೆ. ಅಲ್ಲಿ ಬರುವವರು ಹೆಲ್ಮೆಟ್ ಹಾಕಿಕೊಂಡು, ಗೇರ್ ಸೈಕಲ್ ಹೊಡೆದು, ಇಡ್ಲಿ ತಿಂದು ಮನೆಗೆ ಹೋಗುವವರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಅಭ್ಯಾಸ. ಆದರೆ ಸೋಮವಾರ ಏಳೂಮುಕ್ಕಾಲಿಗೆ ಅಂಡರ್‌ಪಾಸ್ ಹತ್ತಿರ ಯಾಕೆ ಎಣಿಸಲಿಲ್ಲ? ಗಾರ್ಮೆಂಟ್ಸಿಗೆ ಹೋಗುವವರು, ಸೆಕ್ಯುರಿಟಿ ಕೆಲಸದವರು, ಗಾರೆ ಕೆಲಸದವರು ಎಲ್ಲ ಅಲ್ಲೇ ನುಗ್ಗುತ್ತಾರೆ. ಹೈಸ್ಕೂಲ್ ಬಿಡುವ ಹೊತ್ತಿಗೆ ಗೇಟಿನ ಮುಂದೆ ಎಣಿಸಿ. ಪಥ ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ಆ ಎಣಿಕೆಯೇ ಹೇಳುತ್ತದೆ. ಜೋಡಿಸಿ ಅಂತ ನಾನು ಬಡಕೊಳ್ಳಬೇಕಾಗುವುದಿಲ್ಲ.

ಈಗ ಪೇಪರಿನಲ್ಲಿ ನಿಮ್ಮ ಹೇಳಿಕೆ ಓದಿದೆ. ಬಾಡಿಗೆ ಸೈಕಲ್ ನಿಲ್ದಾಣ ತರುತ್ತೀರಂತೆ, ಮೈಸೂರಿನ ಹಾಗೆ. ಮೈಸೂರಿನವರು 2017ರಲ್ಲಿ 450 ಸೈಕಲ್ಲು, 48 ನಿಲ್ದಾಣ ಇಟ್ಟುಕೊಂಡು ‘ಟ್ರಿಣ್ ಟ್ರಿಣ್’ ಶುರು ಮಾಡಿದರು. ಒಳ್ಳೆಯ ಕೆಲಸ. ನನ್ನ ತಮ್ಮ ಅಲ್ಲಿದ್ದಾನೆ, ತುಳಿದಿದ್ದಾನೆ. ಆದರೆ ನಮಗೆ ಸೈಕಲ್ಲಿಗೆ ಕೊರತೆ ಇಲ್ಲ ಸ್ವಾಮಿ. ದಾರಿ ಬೇಕು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಸೈಕಲ್ಲಿಗೆ ಬೇರೆ ಸಾಲು ಬಿಟ್ಟರು. ಮೆಟ್ರೋ ಕೆಲಸ ಬಂದಾಗ ಅದೇ ಕಂಬಗಳನ್ನು ಕಿತ್ತರು. ನಮಗೆ ಅಂಥ ಕಂಬವೂ ಬೇಡ. ಗಟ್ಟಿ ಕಟ್ಟೆ ಕಟ್ಟಿ, ಕಾರು ಹತ್ತಬಾರದು. ಹಸಿರು ಬಣ್ಣ ಬಳಿಯದಿದ್ದರೂ ನಡೆಯುತ್ತದೆ. ಮೊದಲ ಮಳೆಗೇ ಅದು ಅರ್ಧ ಹೋಯಿತು.

ನನ್ನ ಮಗಳಿಗೂ ಎಂಟನೇ ಕ್ಲಾಸಿನಲ್ಲಿ ಸರ್ಕಾರದ ಸೈಕಲ್ ಬಂದಿತ್ತು. 2006-07ರಲ್ಲಿ ಶುರುವಾದ ಯೋಜನೆ. ಅವಳು ತಂದ ದಿನ ಬೀದಿಯಲ್ಲಿ ಮೂರು ಸುತ್ತು ಹೊಡೆದಳು. ಮಾರನೇ ದಿನ ಸ್ಕೂಲಿಗೆ ಹೊರಟವಳು ಅಂಡರ್‌ಪಾಸ್ ನೋಡಿ ಅಲ್ಲಿಂದಲೇ ತಳ್ಳಿಕೊಂಡು ವಾಪಸ್ ಬಂದಳು. ಆಮೇಲೆ ಮೂರು ವರ್ಷ ಆಟೋದಲ್ಲಿ ಒಂಬತ್ತು ಮಕ್ಕಳ ಜೊತೆ ನೇತಾಡಿಕೊಂಡು ಹೋದಳು. ಆ ಆಟೋ ದುಡ್ಡು ಕೂಡಿಸಿದ್ದರೆ ಇನ್ನೆರಡು ಸೈಕಲ್ ಬರುತ್ತಿತ್ತು. ಈಗ ಡಿಗ್ರಿ ಓದುತ್ತಿದ್ದಾಳೆ. ಸೈಕಲ್ ಮೆಟ್ಟಿಲ ಕೆಳಗಿದೆ.

ಸಿಟ್ಟಿನಲ್ಲಿ ಹೆಚ್ಚು ಕಡಿಮೆ ಬರೆದಿದ್ದರೆ ಕ್ಷಮಿಸಿ. ಪೂರ್ತಿ ಕ್ಷಮಿಸದಿದ್ದರೂ ಪರವಾಗಿಲ್ಲ, ಜೋಡಿಸಿ. ಎರಡೂವರೆ ಕಿಲೋಮೀಟರ್ ಅಷ್ಟೇ. ಬಜೆಟ್ ಬರುವವರೆಗೆ ಕಾಯಬೇಕು ಅಂದರೆ, ಕಾಯುವ ಹೊತ್ತಿಗೆ ಆ ಜಾಲರಿಯನ್ನಾದರೂ ಅಡ್ಡಕ್ಕೆ ತಿರುಗಿಸಿ ಹಾಕಿಸಿ. ಅದಕ್ಕೆ ಟೆಂಡರ್ ಬೇಡ, ಇಬ್ಬರು ಆಳು, ಒಂದು ಹಾರೆ ಸಾಕು.

ನಂಬಿಕೆ ಬರದಿದ್ದರೆ ಯಾವುದಾದರೂ ಸೋಮವಾರ ಏಳೂವರೆಗೆ ಪಾರ್ಕಿನ ಹತ್ತಿರ ಬನ್ನಿ. ಫೋಟೋದವರು ಬೇಡ. ನಿಮ್ಮ ಪಥ ಮುಗಿಯುವ ಜಾಗದಿಂದ ಮುಂದಿನ ತುಂಡು ಸಿಗುವವರೆಗೆ ನನ್ನ ಜೊತೆ ಬಂದರೆ ಸಾಕು. ಮಗಳ ಸೈಕಲ್ಲಿಗೆ ಗಾಳಿ ಹೊಡೆಸಿ ಇಟ್ಟಿರುತ್ತೇನೆ.

ಇಂತಿ,
ನಿಮ್ಮ ಕರಪತ್ರ ಕಟ್ಟಿದ ಬೈಂಡರ್